ನಿಲ್ಲಿಸುವ ಏಟು

ಜನವರಿ 18

ಭಾನುವಾರದ ಕುಲುಮೆ ಕೂಟದ ಎಲ್ಲರಿಗೂ ನಮಸ್ಕಾರಗಳು.

ಮೊದಲಿಗೆ ಹಿರಿಯರನ್ನು ನೆನೆಯುತ್ತೇನೆ. ಒಂದು ಮೊಳೆಯನ್ನೂ ಬಡಿಯದೆ, ಬೆಂಕಿಯ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು, ವಾರವಾರವೂ ನಮ್ಮ ಕೆಲಸದ ಓರೆಕೋರೆಗಳನ್ನು ತೋರಿಸಿಕೊಟ್ಟ ನಿವೃತ್ತ ಪೋಸ್ಟ್‌ಮಾಸ್ಟರರಿಗೆ, ಒಣಹಾಕಿದ ಬಟ್ಟೆಗಳ ಮೇಲೆ ಇದ್ದಿಲ ಪುಡಿ ಕೂತರೂ ಶೆಡ್ಡಿನ ಬೀಗದ ಕೈಯನ್ನು ಬಚ್ಚಿಡದ ನನ್ನ ಮನೆಯವಳಿಗೆ, ರಾತ್ರಿಪಾಳಿ ಮುಗಿಸಿ ಬಂದು ನಮ್ಮ ಸದ್ದಿನ ನಡುವೆಯೇ ಮಲಗಲು ಕಲಿತ ಪಕ್ಕದ ಮನೆಯ ನರ್ಸಮ್ಮನಿಗೆ ನಾನು ಋಣಿ. ಇವರಿಲ್ಲದಿದ್ದರೆ ನಮ್ಮ ಬೆಂಕಿ ಎಂದೋ ಆರಿಹೋಗುತ್ತಿತ್ತು.

ಈ ಪತ್ರವನ್ನು ಬೇಕರಿಯವಳು ಎಲ್ಲರೆದುರು ಓದಲಿ.

ಶಾಲೆಯ ವರ್ಕ್‌ಶಾಪಿನಲ್ಲಿ ಪಾಠ ಹೇಳಿ ನಿವೃತ್ತನಾದ ಮೇಲೆ, ಹಳೆಯ ಲಾರಿಯೊಂದರ ಬ್ರೇಕ್ ಡ್ರಮ್ಮನ್ನು ಕುಲುಮೆ ಮಾಡಿಕೊಂಡು, ಹಿತ್ತಲ ಶೆಡ್ಡಿನಲ್ಲಿ ಒಬ್ಬನೇ ಹವ್ಯಾಸಕ್ಕೆ ಬಡಿದುಕೊಂಡಿರೋಣವೆಂದು ಕೂತವನು ನಾನು. ಮೊದಲು ಬೇಲಿಯಾಚೆಯಿಂದ ಇಣುಕಿದವನು ಬಸ್ ಡ್ರೈವರ್. ಅವನ ಹಿಂದೆ, ಕೈಗೆ ಮೈದಾಹಿಟ್ಟು ಮೆತ್ತಿಕೊಂಡೇ, ಬೇಕರಿಯವಳು. ಆಮೇಲೆ ಟೈಲರ್. ಮೊದಲ ದಿನ ನೀವು ಮಾಡಿದ ಕೊಕ್ಕೆಗಳು ಇಂದಿಗೂ ನಮ್ಮ ಅಡುಗೆಮನೆಯ ಗೋಡೆಯಲ್ಲಿವೆ. ಒಂದೂ ನೆಟ್ಟಗಿಲ್ಲ, ಒಂದೂ ಕಳಚಿ ಬಿದ್ದಿಲ್ಲ. ಈಗ ನೀವೇ ಮಕ್ಕಳ ಪಾರ್ಕಿಗೆ ಕಬ್ಬಿಣದ ಎಲೆ-ಬಳ್ಳಿಗಳ ಗೇಟು ಮಾಡಿಕೊಡುವ ಮಟ್ಟಕ್ಕೆ ಬಂದಿದ್ದೀರಿ. ಇದನ್ನು ಕಂಡ ಮೇಷ್ಟ್ರಿಗೆ ಇನ್ನೇನು ಬೇಕು.

ನಾನು ಅಕ್ಕನ ಊರಿಗೆ ಬಂದಿದ್ದೇನೆ. ಭಾವನ ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಇರುತ್ತೇನೆ. ಮರಳಿ ಬರುವ ಯೋಚನೆ ಸದ್ಯಕ್ಕಿಲ್ಲ. ಹೋದ ಭಾನುವಾರ ನಡೆದದ್ದಕ್ಕೂ ಇದಕ್ಕೂ ಸಂಬಂಧ ಹಚ್ಚಬೇಡಿ. ಚಪ್ಪಟೆ ಬಾಯಿಯ ಇಕ್ಕಳ ಬೇಕರಿಯವಳಿಗೆ. ಅರಗಳೆಲ್ಲ ಟೈಲರಿಗೆ, ಅವನ ಕೈಯ ನಯ ಬೇರೆ ಯಾರಿಗೂ ಬಂದಿಲ್ಲ. ಗುಂಡುತಲೆಯ ಸುತ್ತಿಗೆ ಮತ್ತು ಎರಡು ಕೈಯಲ್ಲಿ ಎತ್ತಿ ಬಡಿಯುವ ನನ್ನ ಸಮ್ಮಟಿಗೆ ಡ್ರೈವರನಿಗೆ. ಸಮ್ಮಟಿಗೆಯ ಹಿಡಿಗೆ ಎಣ್ಣೆ ಸವರುವುದನ್ನು ಮರೆಯಬೇಡ.

ಕೆಂಪಾರಿದ ಕಬ್ಬಿಣ ತಣ್ಣಗಾಗಿದೆಯೆಂದು ನಂಬಬೇಡಿ. ಮೊದಲು ಕೈಯ ಹಿಂಬದಿಯನ್ನು ಹತ್ತಿರ ಹಿಡಿದು ನೋಡಿ. ಸದ್ದು ತಡೆಯಲು ಕಿವಿಗೆ ಬೆಣೆ ಹಾಕದವರು ಸುತ್ತಿಗೆ ಮುಟ್ಟಬಾರದು. ಈ ಒಂದು ವಿಷಯದಲ್ಲಿ ನನ್ನನ್ನು ಅನುಸರಿಸಬೇಡಿ.

ನಿಮ್ಮೆಲ್ಲರ ಹಿತೈಷಿ,
ಮೇಷ್ಟ್ರು


ಫೆಬ್ರವರಿ 9

ಪ್ರೀತಿಯ ಮೇಷ್ಟ್ರಿಗೆ ನಮಸ್ಕಾರ.

ನೀವು ಹೇಳಿದಂತೆ ಪತ್ರವನ್ನು ಎಲ್ಲರೆದುರು ಓದಿದೆ. ಮುಗಿಸುತ್ತಲೇ ಪೋಸ್ಟ್‌ಮಾಸ್ಟರರು ಲಕೋಟೆಯನ್ನು ತಿರುಗಿಸಿ ನೋಡಿ, "ಇದರಲ್ಲಿ ಸ್ಟಾಂಪ್ ಒಂದು ಸರಿಯಾಗಿದೆ. ಹೇಳ್ಬೇಕಾದ್ದು ಏನೂ ಇಲ್ಲ" ಎಂದರು.

ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಎತ್ತಿದ ದಿನ ನಾನು ಇಕ್ಕಳದ ವಿಷಯ ಕೇಳಿದೆ. ನೀವು ಅಲ್ಲಿಯ ಹವಾಮಾನ ಹೇಳಿ ಇಟ್ಟುಬಿಟ್ಟಿರಿ. ಆದ್ದರಿಂದ ಬರೆಯುತ್ತಿದ್ದೇನೆ.

ಸಂಬಂಧ ಹಚ್ಚಬೇಡಿ ಎಂದಿದ್ದೀರಿ. ಹಚ್ಚದೆ ಇರುವುದು ಹೇಗೆ? ಅಂದು ಬೆಂಕಿಯಲ್ಲಿದ್ದದ್ದು ಗೇಟಿನ ಬಿಜಾಗರಿಯ ದಪ್ಪ ಪಟ್ಟಿ. ನಾನು ಇಕ್ಕಳದಲ್ಲಿ ಹಿಡಿದು ಸಣ್ಣ ಸುತ್ತಿಗೆಯಿಂದ ಜಾಗ ತೋರಿಸುತ್ತಿದ್ದೆ. ಅದೇ ಜಾಗಕ್ಕೆ ನಿಮ್ಮ ಸಮ್ಮಟಿಗೆ ಬೀಳುತ್ತಿತ್ತು. ಡ್ರೈವರಣ್ಣ ಗಾಳಿ ಕೊಡುತ್ತಿದ್ದ. ಸಾಕೆನಿಸಿದಾಗ ಸುತ್ತಿಗೆಯನ್ನು ಪಟ್ಟಿಯಿಂದ ಆಚೆಗೆ ಸರಿಸಿ, ಪಟ್ಟಿಯ ಕೆಳಗಿನ ಬರಿಯ ಕಬ್ಬಿಣದ ಅಡಿಗಲ್ಲನ್ನು ಒಮ್ಮೆ ಠಣ್ಣೆಂದು ತಟ್ಟಿದೆ. ನಿಲ್ಲಿಸುವ ಏಟು. ಅದಾದ ಮೇಲೆ ಸಮ್ಮಟಿಗೆ ಬೀಳಬಾರದೆಂದು ನಮಗೆಲ್ಲ ಮೊದಲ ಪಾಠವಾಗಿ ಹೇಳಿಕೊಟ್ಟವರು ನೀವು. ಪಟ್ಟಿಯ ಮೇಲಿನ ಕಿಟ್ಟವನ್ನು ಗುಡಿಸಲು ತಂತಿಬ್ರಷ್ ಚಾಚಿದೆ. ಸಮ್ಮಟಿಗೆ ಬಿತ್ತು. ಬ್ರಷ್ಷಿನ ಹಿಡಿ ಸೀಳಿಹೋಯಿತು, ಕೈ ಉಳಿಯಿತು.

ಆಗ ಡ್ರೈವರಣ್ಣ ಕೂಗಿದ ಮಾತು ನನಗೂ ನೆನಪಿದೆ. "ಕಿವಿ ಕೇಳಲ್ವಾ ಮೇಷ್ಟ್ರೇ ನಿಮಗೆ? ಹುಡುಗಿ ಕೈ ಹೋಗ್ತಿತ್ತಲ್ಲ." ನಿಮ್ಮೆದುರು ದನಿ ಏರಿಸಿದವರನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ನೀವು ಸಮ್ಮಟಿಗೆಯನ್ನು ಗೋಡೆಗೆ ಒರಗಿಸಿ ಮನೆಯೊಳಗೆ ಹೋದಿರಿ. ಮರುದಿನ ಊರಲ್ಲೇ ಇರಲಿಲ್ಲ.

ಅವನ ಮಾತಿಗೆ ಮುನಿಸಿಕೊಂಡಿದ್ದರೆ ಬಿಟ್ಟುಬಿಡಿ ಮೇಷ್ಟ್ರೇ. ಅವನೂ ಅಂದಿನಿಂದ ಶೆಡ್ಡಿಗೆ ಕಾಲಿಟ್ಟಿಲ್ಲ. ನೀವು ಕೊಟ್ಟ ಸಮ್ಮಟಿಗೆ ನೀವು ಒರಗಿಸಿದಲ್ಲೇ ಇದೆ. ಬಿಜಾಗರಿ ಪಟ್ಟಿ ಅರ್ಧಕ್ಕೆ ನಿಂತಿದೆ. ಟೈಲರಣ್ಣ ಎಲೆಗಳನ್ನು ಅರದಿಂದ ಉಜ್ಜುತ್ತಾ ಕೂರುತ್ತಾನೆ. ಹೀಗೇ ಬಿಟ್ಟರೆ ಎಲೆಯೇ ಉಳಿಯುವುದಿಲ್ಲ.

ನೀವಿಬ್ಬರೂ ಬರಬೇಕು. ನನಗೆ ಬೇಕಿರುವುದು ಅಷ್ಟೇ.

ನಿಮ್ಮ,
ಬೇಕರಿಯವಳು

ಮತ್ತೆ: ಬೇಕರಿಯ ಹಿಂದೆ ನನ್ನದೇ ಪುಟ್ಟ ಕುಲುಮೆ ಹೂಡಬೇಕೆಂದಿದ್ದೇನೆ. ಹೇಗೆಂದು ಬರೆಯುವಿರಾ?


ಮಾರ್ಚ್ 2

ಚಿರಂಜೀವಿ ಬೇಕರಿಯವಳಿಗೆ ಆಶೀರ್ವಾದಗಳು.

ನಿನ್ನ ಪತ್ರದಲ್ಲಿ ನನಗೆ ಅತಿ ಸಂತೋಷ ಕೊಟ್ಟದ್ದು ಕೊನೆಯ ಸಾಲು. ಅದಕ್ಕೇ ಮೊದಲು ಉತ್ತರ.

ದೊಡ್ಡ ಅಡಿಗಲ್ಲು ಕೊಳ್ಳಬೇಡ. ಗುಜರಿ ಅಂಗಡಿಯಲ್ಲಿ ರೈಲು ಕಂಬಿಯ ತುಂಡು ಸಿಗುತ್ತದೆ. ಆರಂಭಕ್ಕೆ ಅದು ಧಾರಾಳ. ಅದನ್ನು ಮರದ ಕೊರಡಿಗೆ ಬಿಗಿದು, ಕೊರಡನ್ನು ಮರಳು ತುಂಬಿದ ಡಬ್ಬದಲ್ಲಿ ನಿಲ್ಲಿಸು. ಕೈ ಇಳಿಬಿಟ್ಟು ಮುಷ್ಟಿ ಕಟ್ಟಿದರೆ ಬೆರಳ ಗೆಣ್ಣುಗಳು ಅದರ ಮೇಲ್ಮೈಯನ್ನು ಸವರಬೇಕು. ಎತ್ತರವಾದರೆ ಭುಜ ಹೋಗುತ್ತದೆ, ತಗ್ಗಾದರೆ ಸೊಂಟ. ಹಿಟ್ಟು ನಾದುವವಳಿಗೆ ಎರಡೂ ಬೇಕು. ಬೆಂಕಿಗೆ ಬ್ರೇಕ್ ಡ್ರಮ್, ಗಾಳಿಗೆ ಹಳೆಯ ಹೇರ್ ಡ್ರೈಯರ್, ಎರಡರ ನಡುವೆ ಮಾರುದ್ದದ ಕಬ್ಬಿಣದ ಪೈಪು. ಸತುವಿನ ಲೇಪವಿರುವ ಪೈಪನ್ನು ಹತ್ತಿರ ತರಬೇಡ. ಬಿಸಿಯಾದರೆ ಅದರ ಹೊಗೆ ವಿಷ.

ಎಲ್ಲಕ್ಕಿಂತ ಮುಖ್ಯವಾದದ್ದು ನೆರಳು. ಕಬ್ಬಿಣದ ಹದವನ್ನು ಬಣ್ಣದಿಂದ ತಿಳಿಯಬೇಕು, ಬಣ್ಣ ಕಾಣುವುದು ಮಬ್ಬಿನಲ್ಲಿ. ಗಾಳಿಯಾಡಲು ಬಾಗಿಲು ತೆರೆದಿರಲಿ, ಬಿಸಿಲಿಗೆ ಮಾತ್ರ ಮರೆಯಿರಲಿ. ಮೊದಲ ಕೆಲಸವಾಗಿ ಒಂದು ಎಲೆ ಮಾಡು. ಸರಳಿನ ತುದಿಯನ್ನು ಚೂಪುಮಾಡಿ, ಅದರ ಹಿಂದೆ ಕುತ್ತಿಗೆ ಇಳಿಸಿ, ಉಳಿದದ್ದನ್ನು ಚಪ್ಪಟೆ ಮಾಡಿದರೆ ಎಲೆ ತಾನಾಗಿ ಮೂಡುತ್ತದೆ. ಮೊದಲ ಎಲೆ ಸೌಟಿನಂತೆ ಬರುವುದು ಸಹಜ. ಎಸೆಯಬೇಡ.

ಇಲ್ಲಿ ಎಲ್ಲ ಸುಗಮ. ಅಂಗಡಿಯ ಗೋಡೆಯ ತುಂಬ ಗಡಿಯಾರಗಳು. ಪ್ರತಿ ಗಂಟೆಗೂ ಎಲ್ಲವೂ ಕೂಡಿ ಬಾರಿಸುತ್ತವಂತೆ. ಬಂದ ನೆಂಟರು ಒಂದು ರಾತ್ರಿಯೂ ನಿಲ್ಲುವುದಿಲ್ಲವೆಂದು ಅಕ್ಕ ನಗುತ್ತಾಳೆ. ನನಗೆ ಒಳ್ಳೆಯ ನಿದ್ದೆ.

ಡ್ರೈವರನ ಮೇಲೆ ನನಗೆ ಎಳ್ಳಷ್ಟೂ ಕೋಪವಿಲ್ಲ. ಅವನು ಅಂದದ್ದು ಸರಿಯಾಗಿಯೇ ಇತ್ತು. ಇದನ್ನು ಅವನಿಗೆ ತಿಳಿಸು. ನಾನು ಬರುವ ವಿಷಯ ಬೇಡ.

ನಿನ್ನ ಹಿತೈಷಿ,
ಮೇಷ್ಟ್ರು


ಏಪ್ರಿಲ್ 6

ಪ್ರೀತಿಯ ಮೇಷ್ಟ್ರಿಗೆ ನಮಸ್ಕಾರ.

ಕುಲುಮೆ ಹೂಡಿದೆ. ನೀವು ಬೇಡವೆಂದದ್ದನ್ನೇ ಮೊದಲು ಮಾಡಿದೆ. ಬ್ರೆಡ್ ಕೊಳ್ಳಲು ಬಂದವರಿಗೆ ಕಾಣಲೆಂದು ಬಟ್ಟಬಯಲ ಬಿಸಿಲಲ್ಲಿ ಬೆಂಕಿ ಇಟ್ಟೆ. ಎಷ್ಟು ಗಾಳಿ ಕೊಟ್ಟರೂ ಸರಳು ಕಪ್ಪಾಗಿಯೇ ಕಾಣುತ್ತಿತ್ತು, ಇನ್ನಷ್ಟು ಕೊಟ್ಟೆ. ಹೊರತೆಗೆದಾಗ ಕಿಡಿ ಉಗುಳುತ್ತಿತ್ತು. ಬಡಿದರೆ ಎಲೆಯ ತುದಿ ರಸ್ಕಿನಂತೆ ಪುಡಿಯಾಯಿತು. ನೋಡುತ್ತಿದ್ದ ಅಜ್ಜಿಯೊಬ್ಬರು, "ಬ್ರೆಡ್ಡೂ ಹೀಗೇ ಸುಡ್ತೀಯೇನಮ್ಮ?" ಎಂದು ಕೇಳಿ, ಏನೂ ಕೊಳ್ಳದೆ ಹೋದರು. ಈಗ ಹಳೆಯ ಟ್ರೇಗಳನ್ನು ತಂತಿಯಲ್ಲಿ ಹೆಣೆದು ಮರೆ ಕಟ್ಟಿದ್ದೇನೆ. ನಾಲ್ಕನೆಯ ಎಲೆ ಎಲೆಯಂತಿದೆ.

ಇನ್ನು ನಿಜವಾದ ವಿಷಯ. ನಿಮ್ಮ ಮಾತು ತಿಳಿಸಲು ಬಸ್ ಡಿಪೋಗೆ ಹೋದೆ. ಡ್ರೈವರಣ್ಣ ತನ್ನ ಬಸ್ಸಿನ ಮೆಟ್ಟಿಲ ಮೇಲೆ ಕೂತು, ನಾನು ಒಯ್ದ ಬನ್ನನ್ನು ತುಂಬ ಹೊತ್ತು ಅಗಿದ.

"ತಂಗೀ, ನಾನು ಒಂದು ವಿಷಯ ಹೇಳಿದ್ರೆ ನೀನು ನನ್ನ ಮಾತಾಡಿಸೋದೇ ಬಿಡ್ತೀಯ."

"ಬನ್ನು ತಿಂದಾಯ್ತಲ್ಲ ಅಣ್ಣ, ಇನ್ನೇನು ಭಯ. ಹೇಳು."

ಅವನು ಹೇಳಿದ್ದಿಷ್ಟು. ನರ್ಸಮ್ಮ ಒಂದು ದಿನ ಅವನ ಬಸ್ಸಿನಲ್ಲಿ ಕೂತಲ್ಲೇ ನಿದ್ದೆ ಹೋಗಿ ತಮ್ಮ ಸ್ಟಾಪು ದಾಟಿಹೋಗಿದ್ದರಂತೆ. ಅವನಿಗೆ ಪಾಪ ಅನಿಸಿದೆ. ಹಳೆಯ ಸ್ಪೀಕರಿನ ಮ್ಯಾಗ್ನೆಟ್ ಒಂದನ್ನು ತಂದು, ಶನಿವಾರ ಸಂಜೆ ನಮ್ಮ ಅಡಿಗಲ್ಲಿನ ಹಿಂಬದಿಯ ಅಡಿಗೆ, ಕಣ್ಣಿಗೆ ಬೀಳದ ಹಾಗೆ ಅಂಟಿಸಿದ್ದಾನೆ. ಅಂಟಿಸಿದರೆ ಠಣ್ಣೆನ್ನುವುದು ಅಡಗಿ ದಪ್ಪೆನ್ನುತ್ತದೆ. ಯಾರಿಗೂ ಹೇಳಲಿಲ್ಲ. ಮರುದಿನವೇ ಆ ಭಾನುವಾರ.

"ಅಡಿಗಲ್ಲಿನ ಬಾಯಿ ಕಟ್ಟಿದವ್ನು ನಾನು. ಮೇಷ್ಟ್ರಿಗೆ ಕಿವಿ ಕೇಳಲ್ವಾ ಅಂತ ಬೈದವ್ನೂ ನಾನೇ. ನಿನ್ನ ಕೈ ನನ್ನಿಂದ ಹೋಗ್ತಿತ್ತು ತಂಗಿ."

ಆ ಭಾನುವಾರ ಸಂಜೆಯೇ ಹೋಗಿ ತಡಕಿದರೆ ಮ್ಯಾಗ್ನೆಟ್ ಇರಲಿಲ್ಲವಂತೆ. ಆ ಏಟಿಗೇ ಕಳಚಿ ಕಸದ ಜೊತೆ ಹೋಗಿರಬೇಕು. ನಾವು ಡಿಪೋಗೆ ಮುಟ್ಟಿಸಿದ್ದ, ನೀವು ಕೊಟ್ಟ ಗುಂಡುತಲೆಯ ಸುತ್ತಿಗೆಯನ್ನು ಗೋಣಿಚೀಲದಲ್ಲಿ ಸುತ್ತಿ ನನ್ನ ಕೈಗಿಟ್ಟ. ಇನ್ನು ಮುಟ್ಟುವುದಿಲ್ಲವಂತೆ. ನಾನು ಎಷ್ಟು ಹೇಳಿದರೂ ಬಸ್ಸಿನ ಟೈರುಗಳನ್ನು ಒದ್ದು ನೋಡುತ್ತಾ ನಡೆದುಬಿಟ್ಟ.

ನಾನೂ ಗಾಳಿಯ ಬಳಿಯಿದ್ದ ಅವನೂ ಕಿವಿಗೆ ಬೆಣೆ ಹಾಕಿದ್ದೆವು. ಅಂದು ಅಡಿಗಲ್ಲು ಠಣ್ಣೆಂದಿತೋ ದಪ್ಪೆಂದಿತೋ ನಮಗೆ ಗೊತ್ತಾಗಲಿಲ್ಲ. ಈಗ ಗೊತ್ತಾಯಿತಲ್ಲ. ನಿಮ್ಮ ಕೈಯಲ್ಲೂ ಕಿವಿಯಲ್ಲೂ ದೋಷವಿಲ್ಲ ಮೇಷ್ಟ್ರೇ, ಎಲ್ಲ ಮ್ಯಾಗ್ನೆಟ್ಟಿನದು. ಇನ್ನು ನೀವು ದೂರವಿರಲು ಕಾರಣವೇ ಇಲ್ಲ. ಬಂದುಬಿಡಿ. ಡ್ರೈವರಣ್ಣನನ್ನು ಆಮೇಲೆ ನೋಡೋಣ.

ನಿಮ್ಮ,
ಬೇಕರಿಯವಳು


ಏಪ್ರಿಲ್ 15

ಇವರಿಗೆ ನಮಸ್ಕಾರ. ಕ್ಷೇಮ.

ಫೋನಿನಲ್ಲಿ ನಿಮಗೆ ಹೇಳುವುದಕ್ಕಿಂತ ಹಿತ್ತಲ ಗೋಡೆಗೆ ಹೇಳುವುದು ವಾಸಿ. ಗೋಡೆ ತನಗೆ ಕೇಳಿಸದಿದ್ದರೂ ಹೂಂ ಹೂಂ ಅನ್ನುವುದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಬೇಕರಿ ಹುಡುಗಿ ನಿಮಗೆ ಬರೆದದ್ದನ್ನು ನನಗೂ ಹೇಳಿದಳು. ಮ್ಯಾಗ್ನೆಟ್ಟಿನ ಕತೆ. ಹೇಳುವಾಗ ಅವಳ ಮುಖ ಅರಳಿತ್ತು. ನಾನು ಸೌತೆಕಾಯಿ ಹೆಚ್ಚುತ್ತಾ ಕೂತಿದ್ದೆ, ತಲೆ ಎತ್ತಲಿಲ್ಲ.

ಕಿವಿಯ ಡಾಕ್ಟರು ನಮಗಿಬ್ಬರಿಗೂ ಹೇಳಿದ್ದು ನೆನಪಿದೆಯಲ್ಲ. ತೆಳುವಾಗಿ ಎತ್ತರಕ್ಕೆ ಮೊಳಗುವ ಸದ್ದು ಮೊದಲು ಹೋಗುತ್ತದೆ, ಮಾತು ಆಮೇಲೆ. ಅದು ಮ್ಯಾಗ್ನೆಟ್ ಬರುವುದಕ್ಕೆ ತಿಂಗಳುಗಳ ಮುಂಚಿನ ಮಾತು. ಬಾಗಿಲ ಗಂಟೆ ನಿಮಗೆ ಕೇಳಿಸದೆ ಹೋದದ್ದು ಅದಕ್ಕೂ ಮುಂಚೆ. ಡಾಕ್ಟರು ಕೊಟ್ಟ ಕಿವಿಯ ಯಂತ್ರ ಇಲ್ಲೇ ಡ್ರಾಯರಿನಲ್ಲಿದೆ, ಡಬ್ಬಿ ಒಡೆದಿಲ್ಲ.

ಪಾಪ, ಆ ಹುಡುಗಿ ಒಳ್ಳೆಯ ಮನಸ್ಸಿನಿಂದ ನಿಮಗೊಂದು ನೆಪ ಕೊಟ್ಟಿದ್ದಾಳೆ. ಅದನ್ನು ಹೊದ್ದುಕೊಂಡು ನೀವು ವಾಪಸ್ ಬರಬಹುದು. ಯಾರಿಗೂ ಏನೂ ತಿಳಿಯುವುದಿಲ್ಲ. ಆದರೆ ಡ್ರೈವರ್ ಇತ್ತ ತಲೆ ಹಾಕುವುದಿಲ್ಲ. ಮೊನ್ನೆ ಅವನ ಬಸ್ಸು ನಮ್ಮ ರಸ್ತೆಯಲ್ಲಿ ಹಾದುಹೋಯಿತು. ಯಾವಾಗಲೂ ಹಾರ್ನ್ ಹೊಡೆದು ಕೈಬೀಸುತ್ತಿದ್ದವನು ಮುಖವನ್ನು ಆಚೆ ತಿರುಗಿಸಿಕೊಂಡ.

ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಕಿವಿ ನಿಮ್ಮದು, ಬಾಯಿಯೂ ನಿಮ್ಮದೇ.

ಯಂತ್ರವನ್ನು ಈ ಪತ್ರದ ಜೊತೆಗೇ ಕಳಿಸುತ್ತಿದ್ದೇನೆ. ಅಕ್ಕನಿಗೂ ಭಾವನಿಗೂ ಕೇಳಿದೆನೆಂದು ಹೇಳಿ. ಉಣ್ಣೆಯ ಕೋಟು ಒಗೆಯಲು ಹಾಕಿ, ಹೋಗುವಾಗಲೇ ಕೊಳಕಾಗಿತ್ತು.

ಇಂತಿ,
ನಿಮ್ಮ ಮನೆಯವಳು


ಮೇ 11

ಪ್ರಿಯ ಡ್ರೈವರನಿಗೆ,

ಈ ಪಾರ್ಸೆಲಿನಲ್ಲಿರುವುದು ನಿನ್ನ ಮ್ಯಾಗ್ನೆಟ್.

ಬೆಂಕಿ ಹಚ್ಚುವ ಮೊದಲು ಅಡಿಗಲ್ಲಿನ ಕೆಳಗೆ ಕೈಯಾಡಿಸುವುದು ನನ್ನ ಹಳೆಯ ರೂಢಿ. ಕೊರಡಿಗೆ ಬಿಗಿದ ಕೊಂಡಿಗಳು ಸಡಿಲವಾಗಿರಬಾರದು. ಆ ಭಾನುವಾರ ಬೆಳಗ್ಗೆ ನೀನೂ ಬೇಕರಿಯವಳೂ ಇನ್ನೂ ಬಂದಿರಲಿಲ್ಲ. ಕೈಗೆ ಇದು ಸಿಕ್ಕಿತು. ಯಾರು ಇಟ್ಟರೆಂದು ಆಗ ತಿಳಿಯಲಿಲ್ಲ. ಕಳಚಿ ಕೋಟಿನ ಜೇಬಿಗೆ ಹಾಕಿಕೊಂಡೆ. ಅಂದಿನಿಂದ ಅಲ್ಲೇ ಇತ್ತು.

ಆದ್ದರಿಂದ ಬೇಕರಿಯವಳು ನಿಲ್ಲಿಸುವ ಏಟು ಕೊಟ್ಟಾಗ ಅಡಿಗಲ್ಲಿನ ಅಡಿಯಲ್ಲಿ ಏನೂ ಇರಲಿಲ್ಲ.

ಕಳಚುವ ಮೊದಲು ಒಮ್ಮೆ, ಕಳಚಿದ ಮೇಲೆ ಒಮ್ಮೆ ಸುತ್ತಿಗೆಯಿಂದ ತಟ್ಟಿ ನೋಡಿದ್ದೆ. ಮ್ಯಾಗ್ನೆಟ್ ಇದ್ದಾಗ ಹೇಗಿತ್ತೋ ಇಲ್ಲದಾಗಲೂ ನನಗೆ ಹಾಗೆಯೇ ಇತ್ತು. ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದ ಪೋಸ್ಟ್‌ಮಾಸ್ಟರರು ಮಾತ್ರ ಕಳಚಿದ ಮೇಲಿನ ಏಟಿಗೆ ಬೆಚ್ಚಿ ಎರಡೂ ಕಿವಿ ಮುಚ್ಚಿಕೊಂಡರು. ಅವರನ್ನೇ ಕೇಳು. ಅವರು ಸುಳ್ಳು ಹೇಳುವವರಲ್ಲ, ಮರೆಯುವವರೂ ಅಲ್ಲ. ಅವರು ಬೆಚ್ಚಿದ್ದನ್ನು ಕಂಡ ಮೇಲೂ ನಾನು ಸಮ್ಮಟಿಗೆ ಎತ್ತಿಕೊಂಡೆ.

ಇದನ್ನು ಬೇಕರಿಯವಳಿಗೂ ಟೈಲರಿಗೂ ತೋರಿಸು. ನಿನ್ನ ಮ್ಯಾಗ್ನೆಟ್ಟಿನ ಬಗ್ಗೆ ಮೇಷ್ಟ್ರಾಗಿ ಹೇಳಬೇಕಾದದ್ದು ಒಂದೇ. ಇನ್ನೊಬ್ಬರ ನಿದ್ದೆಗಾಗಿ ಯೋಚಿಸಿದ್ದು ಬಹಳ ಒಳ್ಳೆಯದು, ಕೂಟದವರಿಗೆ ಹೇಳದೆ ಮಾಡಿದ್ದು ಒಳ್ಳೆಯದಲ್ಲ. ಅಷ್ಟಕ್ಕೆ ಸುತ್ತಿಗೆ ಬಿಡುವ ಶಿಕ್ಷೆ ಯಾವ ಶಾಲೆಯಲ್ಲೂ ಇಲ್ಲ. ನಿನ್ನಲ್ಲಿ ಒಳ್ಳೆಯ ಕೈಯಿದೆ. ಶೆಡ್ಡಿಗೆ ಹೋಗು.

ನಿನ್ನ ಹಿತೈಷಿ,
ಮೇಷ್ಟ್ರು


ಮೇ 20

ಮೇಷ್ಟ್ರೇ,

ಪಾರ್ಸೆಲ್ ಬಂತು. ಪೋಸ್ಟ್‌ಮಾಸ್ಟರನ್ನ ಕೇಳ್ದೆ. "ಹೌದು, ಎದೆ ಒಡ್ದು ಹೋಗೋ ಹಾಗೆ ಬಡಿದ, ಪೇಪರ್ ಹರಿದೋಯ್ತು" ಅಂದ್ರು. ಮೊದ್ಲೇ ಯಾಕೆ ಹೇಳ್ಲಿಲ್ಲ ಅಂದ್ರೆ, ಯಾರೂ ಕೇಳ್ಲಿಲ್ಲ ಅಂದ್ರು.

ನನಗೆ ಬರೆಯೋಕೆ ಬರಲ್ಲ. ಭಾನುವಾರ ಶೆಡ್ಡಿಗೆ ಹೋಗಿ ಬಂದೆ. ನಿಮ್ಮ ಸಮ್ಮಟಿಗೆ ಹಿಡಿಗೆ ಎಣ್ಣೆ ಸವರಿದ್ದೀನಿ. ಎತ್ತಿಲ್ಲ.

ಆ ದಿನ ಅಂದ ಮಾತು ಗೊತ್ತಿದ್ದು ಅಂದದ್ದಲ್ಲ.

ಡ್ರೈವರ್


ಜೂನ್ 22

ಪ್ರೀತಿಯ ಮೇಷ್ಟ್ರಿಗೆ ನಮಸ್ಕಾರ.

ಡ್ರೈವರಣ್ಣನಿಗೆ ನೀವು ಬರೆದದ್ದನ್ನು ಓದಿದೆ. ಅದರ ಬಗ್ಗೆ ನಾನು ಏನನ್ನೂ ಬರೆಯುವುದಿಲ್ಲ. ಕೆಲಸದ ವಿಷಯ ಬರೆಯುತ್ತೇನೆ.

ಡ್ರೈವರಣ್ಣ ಈಗ ಪ್ರತಿವಾರ ಬರುತ್ತಾನೆ. ಹೋದ ತಿಂಗಳು ನಾವೊಂದು ಪರೀಕ್ಷೆ ಮಾಡಿದೆವು. ಹೊಳೆದದ್ದು ಟೈಲರಣ್ಣನಿಗೆ. ಶೆಡ್ಡಿನ ಮಧ್ಯಮ ತೂಕದ ಸುತ್ತಿಗೆ, ಕಬ್ಬಿಣದ ಬದಲು ಮರದ ದಿಮ್ಮಿ, ಯಾರ ಕೈಯೂ ಹತ್ತಿರವಿರಬಾರದು. ಡ್ರೈವರಣ್ಣ ಕಿವಿಗೆ ಬೆಣೆ ಹಾಕಿಕೊಂಡು ಬಡಿಯುತ್ತಾ ಹೋಗಬೇಕು, ಗಾಳಿಯಂತ್ರ ಓಡುತ್ತಿರಬೇಕು, ನಾನು ಅವನ ಕಣ್ಣಿಗೆ ಕಾಣದಂತೆ ಹಿಂದೆ ನಿಂತು, ಟೈಲರಣ್ಣ ಅಡಿಗಲ್ಲಾಗಿ ಬಳಸುವ ರೈಲು ಕಂಬಿಯ ತುಂಡಿಗೆ ನಿಲ್ಲಿಸುವ ಏಟು ಕೊಡಬೇಕು. ಕೊಟ್ಟೆ. ಅವನು ನಿಲ್ಲಲಿಲ್ಲ. ಮತ್ತೆ ಕೊಟ್ಟೆ. ಬಡಿಯುತ್ತಲೇ ಇದ್ದ. ಕೊನೆಗೆ ಪೋಸ್ಟ್‌ಮಾಸ್ಟರರು ಎದ್ದು ಬೆನ್ನು ತಟ್ಟಬೇಕಾಯಿತು. ಟೈಲರಣ್ಣನೂ ಹಾಗೆಯೇ. ನನ್ನ ಸರದಿ ಬಂದಾಗ ನಾನಂತೂ ಬಿಡುವಿಲ್ಲದೆ ಬಡಿದೆ. ಅವರಿಬ್ಬರೂ ನಗುತ್ತಾ ನಿಂತಿದ್ದರು.

ನಮಗೆಲ್ಲ ಅಚ್ಚರಿಯಾಯಿತು. ಇಷ್ಟು ದಿನ ನಾವು ಒಬ್ಬರಿಗೊಬ್ಬರು ಬಡಿದುಕೊಡುವಾಗ ಸರಿಯಾಗಿಯೇ ನಿಲ್ಲುತ್ತಿದ್ದೆವಲ್ಲ, ಅದು ಹೇಗೆ? ಸದ್ದು ಕೇಳಿ ಅಲ್ಲ. ಪಟ್ಟಿ ಹಿಡಿದು ಮುಂದಿರುವವರ ಸುತ್ತಿಗೆ ಪಟ್ಟಿಯಿಂದ ಆಚೆ ಸರಿಯುವುದನ್ನು ನೋಡಿ. ಕಿವಿಗೆ ಬೆಣೆ ಹಾಕಿಕೊಳ್ಳಿರೆಂದು ನೀವು ಕಟ್ಟುನಿಟ್ಟು ಮಾಡಿದ ದಿನದಿಂದ ಆ ಶೆಡ್ಡಿನಲ್ಲಿ ನಿಲ್ಲಿಸುವ ಏಟು ಯಾರಿಗೂ ಕೇಳಿಸಿಲ್ಲ ಮೇಷ್ಟ್ರೇ. ತೆರೆದ ಕಿವಿಯಲ್ಲಿ ಅದನ್ನೇ ನಂಬಿ, ಕಣ್ಣನ್ನು ಪಟ್ಟಿಯ ಮೇಲೆಯೇ ಇಟ್ಟು ಕೆಲಸ ಮಾಡುತ್ತಿದ್ದವರು ನೀವೊಬ್ಬರೇ. ಇವತ್ತಲ್ಲ ನಾಳೆ ನಮ್ಮಲ್ಲಿ ಯಾರ ಕೈಯಾದರೂ ಹೋಗುತ್ತಿತ್ತು. ಅಂದು ಬ್ರಷ್ ಹೋಯಿತು, ನಮಗೆ ತಿಳಿಯಿತು.

ಆದ್ದರಿಂದ ಕ್ರಮ ಬದಲಾಗಿದೆ, ಎಲ್ಲರಿಗೂ. ಬಹಳ ವಾದವಾಯಿತು. ಡ್ರೈವರಣ್ಣ ಕೆಂಪು ದೀಪ ಹಾಕೋಣ ಎಂದ. ಬೆಂಕಿಯ ಪಕ್ಕದಲ್ಲಿ ಕೆಂಪು ದೀಪ ಯಾರಿಗೆ ಕಾಣುತ್ತದೆಂದು ಪೋಸ್ಟ್‌ಮಾಸ್ಟರರು ಅವನನ್ನು ಆ ದಿನವೆಲ್ಲ ಕಾಡಿದರು. ಕೊನೆಗೆ ನಿಂತದ್ದು ಇದು: ಮುಂದಿರುವವರು ನಿಲ್ಲಿಸಬೇಕೆಂದಾಗ ಸಣ್ಣ ಸುತ್ತಿಗೆಯನ್ನು ಅಡಿಗಲ್ಲಿನ ಮೇಲೆ ಅಡ್ಡ ಮಲಗಿಸುತ್ತಾರೆ. ಬಡಿಯುವವರು ಸಮ್ಮಟಿಗೆಯ ತಲೆಯನ್ನು ನೆಲಕ್ಕೆ ಮುಟ್ಟಿಸುತ್ತಾರೆ. ಅದು ನೆಲ ಮುಟ್ಟಿದ್ದನ್ನು ಕಂಡ ಮೇಲೆಯೇ ಕೈ ಚಾಚಬೇಕು. ಸದ್ದಿನ ಗೊಡವೆಯೇ ಇಲ್ಲ. ಮ್ಯಾಗ್ನೆಟ್ಟನ್ನು ಮತ್ತೆ ಅಂಟಿಸಿದ್ದೇವೆ, ಈ ಸಲ ಎಲ್ಲರಿಗೂ ಹೇಳಿ. ನರ್ಸಮ್ಮ ಬಂದು, ಕೂಟ ಮುಚ್ಚಿಹೋಯಿತೇನೋ ಎಂದು ಹೆದರಿದೆ ಎಂದರು.

ಇದನ್ನು ನಿಮಗಾಗಿ ಮಾಡಿದೆವೆಂದು ತಿಳಿಯಬೇಡಿ. ನಮ್ಮ ಕೈಗಳಿಗಾಗಿ ಮಾಡಿದ್ದು.

ಎಲೆಗಳೆಲ್ಲ ಮುಗಿದಿವೆ. ಬಳ್ಳಿಯೂ ಮುಗಿದಿದೆ. ಬಿಜಾಗರಿ ಪಟ್ಟಿ ಮಾತ್ರ ನೀವು ಬಿಟ್ಟಲ್ಲೇ ಇದೆ. ಡ್ರೈವರಣ್ಣ ಮಧ್ಯಮ ಸುತ್ತಿಗೆಯಲ್ಲಿ ಪ್ರಯತ್ನಿಸಿದ. ಅದು ಬಗ್ಗುವ ಕಬ್ಬಿಣವಲ್ಲ. ಗೋಡೆಗೆ ಒರಗಿದ ಸಮ್ಮಟಿಗೆಯನ್ನು ಎತ್ತೆಂದರೆ, "ಅದು ನಂದಲ್ಲ, ಎಣ್ಣೆ ಹಾಕೋದಷ್ಟೇ ನನ್ನ ಡ್ಯೂಟಿ" ಅನ್ನುತ್ತಾನೆ.

ಪಟ್ಟಿಯನ್ನು ನಾನು ಹಿಡಿಯುತ್ತೇನೆ. ನನ್ನ ಕೈಗೆ ಭಯವಿಲ್ಲ.

ನಿಮ್ಮ,
ಬೇಕರಿಯವಳು


ಜುಲೈ 6

ಭಾನುವಾರದ ಕುಲುಮೆ ಕೂಟದ ಎಲ್ಲರಿಗೂ ನಮಸ್ಕಾರಗಳು.

ಹಿರಿಯರಿಗೆ ಮತ್ತೊಮ್ಮೆ ವಂದನೆ. ಪೋಸ್ಟ್‌ಮಾಸ್ಟರರಿಗೆ, ಹರಿದ ಪೇಪರಿನ ಬಗ್ಗೆ ಕ್ಷಮೆಯೊಂದಿಗೆ. ಇನ್ನು ನನ್ನ ಮನೆಯವಳಿಗೆ, ಅವಳು ಬರೆದದ್ದನ್ನು ನಾನು ಇಲ್ಲಿ ಹೇಳದಿದ್ದರೂ ಅವಳಿಗೆ ತಿಳಿಯುತ್ತದೆ.

ಇಷ್ಟು ವರ್ಷ ಪಾಠ ಹೇಳಿದ ನನಗೆ ನಿಮ್ಮ ಪರೀಕ್ಷೆ ಹೊಳೆದಿರಲಿಲ್ಲ. ಬೇಕರಿಯವಳ ಪತ್ರವನ್ನು ಭಾವನಿಗೆ ಓದಿ ಹೇಳಿದೆ. ಅವರು ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿಯನ್ನೂ ತೆಗೆಯದೆ, "ನಿನ್ನ ಶಿಷ್ಯರು ಪಾಸು, ನೀನು ಯಾವಾಗ ಕೂರ್ತೀಯ ಪರೀಕ್ಷೆಗೆ?" ಎಂದು ಕೇಳಿದರು. ಉತ್ತರ ಕೊಡಲು ನನಗೆ ಎರಡು ದಿನ ಬೇಕಾಯಿತು.

ಕಿವಿಯ ಯಂತ್ರದ ಡಬ್ಬಿ ಒಡೆದೆ. ಶೆಡ್ಡಿನಲ್ಲಿ ಅದನ್ನು ಹಾಕುವಂತಿಲ್ಲ, ಅಲ್ಲಿ ನಿಮ್ಮಂತೆ ನನಗೂ ಬೆಣೆಯೇ. ಇಲ್ಲಿ ಹಾಕಿಕೊಂಡು ಕೂತೆ. ಭಾವನ ಗಡಿಯಾರಗಳು ಒಟ್ಟಿಗೆ ಬಾರಿಸುತ್ತವೆಂದು ಬರೆದಿದ್ದೆನಲ್ಲ, ಅದು ತಪ್ಪು ಸುದ್ದಿ. ಯಾವೊಂದೂ ಇನ್ನೊಂದರ ಜೊತೆ ಬಾರಿಸುವುದಿಲ್ಲ. ನೆಂಟರು ಓಡಿಹೋಗುವುದರಲ್ಲಿ ನ್ಯಾಯವಿದೆ.

ಜನವರಿಯಲ್ಲಿ ಹಂಚಿದ ಸಾಮಾನುಗಳಲ್ಲಿ ಒಂದನ್ನು ವಾಪಸ್ ಕೇಳುತ್ತಿದ್ದೇನೆ. ಇಕ್ಕಳ ಬೇಕರಿಯವಳದೇ, ಅರ ಟೈಲರನದೇ, ಗುಂಡುತಲೆಯ ಸುತ್ತಿಗೆಯನ್ನು ಡ್ರೈವರ್ ಗೋಣಿಚೀಲದಿಂದ ಹೊರತೆಗೆಯಲಿ. ಸಮ್ಮಟಿಗೆಯನ್ನು ಮಾತ್ರ ನನಗೆ ಕೊಡಿ. ಹೊಸ ಕ್ರಮದಲ್ಲಿ ನಾನು ಹೊಸಬ. ಮೊದಲು ದಿಮ್ಮಿಯ ಮೇಲೆ ನನ್ನನ್ನು ಪರೀಕ್ಷಿಸಿ. ಸುತ್ತಿಗೆ ಮಲಗಿದ ಕೂಡಲೇ ನನ್ನ ಸಮ್ಮಟಿಗೆ ನೆಲ ಮುಟ್ಟದಿದ್ದರೆ, ಪೋಸ್ಟ್‌ಮಾಸ್ಟರರ ಪಕ್ಕದಲ್ಲಿ ನನಗೂ ಒಂದು ಕುರ್ಚಿ ಹಾಕಿ. ಮುಟ್ಟಿದರೆ ಆ ಪಟ್ಟಿಯನ್ನು ನಾವೆಲ್ಲ ಸೇರಿ ಮುಗಿಸೋಣ. ಮಕ್ಕಳು ಜೋತುಬೀಳುವ ಗೇಟು ಅದು, ಬಿಜಾಗರಿ ಗಟ್ಟಿಯಿರಬೇಕು.

ಮುಂದಿನ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಅದರ ಡ್ರೈವರ್ ಯಾರೆಂದು ವಿಚಾರಿಸಿಕೊಂಡಿದ್ದೇನೆ. ಬಸ್ಸು ಬಿಟ್ಟು ಅವನೂ ನೇರವಾಗಿ ನನ್ನೊಡನೆ ಶೆಡ್ಡಿಗೇ ಬರಲಿ.

ನಮ್ಮಿಬ್ಬರಿಗಾಗಿ ಕಾಯುತ್ತಾ ಕೂರಬೇಡಿ. ಬಿಸಿಲಿಗೆ ಮರೆ ಕಟ್ಟಿ, ಬಾಗಿಲು ತೆರೆದಿಡಿ. ಕಿವಿಗೆ ಬೆಣೆ ಹಾಕಿಕೊಳ್ಳಿ. ಇದ್ದಿಲು ಹರವಿ, ಗಾಳಿ ಕೊಟ್ಟು, ಆ ಪಟ್ಟಿಯನ್ನು ಬೆಂಕಿಗಿಡಿ. ನಾವು ಬಾಗಿಲಿಗೆ ಬರುವ ಹೊತ್ತಿಗೆ ಅದು ಕೆಂಪಾಗಿರಲಿ. ಶುರು ಮಾಡಿ.

ನಿಮ್ಮ,
ಮೇಷ್ಟ್ರು